ಹೃದಯಾಘಾತದ ನಂತರ ಹೃದಯ ಬಡಿತದ ಏರಿಳಿತ

ಉಸಿರು ಎಳೆದುಕೊಂಡಾಗ ಹೃದಯ ತುಸು ಚುರುಕಾಗಿ ಬಡಿಯುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಹೀಗೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸದಾ ಹಿಗ್ಗಿ ಕುಗ್ಗುತ್ತಿರುವುದು ಆರೋಗ್ಯದ ಲಕ್ಷಣ. ಹೃದಯಾಘಾತವಾದವರಲ್ಲಿ ಈ ಏರಿಳಿತ ತೀರ ಕಡಿಮೆಯಾಗಿದ್ದರೆ ಮುಂದೆ ಸಾವಿನ ಅಪಾಯ ಹೆಚ್ಚು.

ಉಸಿರಿಗೂ ನಾಡಿಗೂ ಇರುವ ಈ ನಂಟನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ದಾಖಲಿಸಿದ್ದರು. ಅದು ರೋಗಿಯ ಹಾಸಿಗೆಯ ಬಳಿಗೆ ಬರಲು ನೂರಮೂವತ್ತು ವರ್ಷ ಹಿಡಿಯಿತು. 1978ರಲ್ಲಿ ಆಸ್ಟ್ರೇಲಿಯಾದ ವುಲ್ಫ್ ಮತ್ತು ಸಂಗಡಿಗರು ಹೃದಯಾಘಾತವಾಗಿದ್ದ 176 ಮಂದಿಯ ಇಸಿಜಿ ನೋಡಿ, ಬಡಿತದಲ್ಲಿ ಏರಿಳಿತ ಉಳಿದಿದ್ದವರಲ್ಲಿ ಆಸ್ಪತ್ರೆಯ ಸಾವು ಕಡಿಮೆ ಎಂದು ವರದಿ ಮಾಡಿದರು. ನಿರ್ಣಾಯಕ ಅಧ್ಯಯನ ಅಮೆರಿಕದ ರಾಬರ್ಟ್ ಕ್ಲೈಗರ್ ತಂಡದ್ದು (1987). 808 ರೋಗಿಗಳಿಗೆ ಇಸಿಜಿಯನ್ನು ಸತತವಾಗಿ ದಾಖಲಿಸುವ ಹೋಲ್ಟರ್ ಯಂತ್ರವನ್ನು 24 ಗಂಟೆ ಕಟ್ಟಿ, ಬಡಿತಗಳ ಅಂತರದ ಪ್ರಮಾಣಿತ ವಿಚಲನೆಯನ್ನು ಲೆಕ್ಕ ಹಾಕಿದರು. ಅದು 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ, 100ಕ್ಕಿಂತ ಹೆಚ್ಚಿದ್ದವರಿಗೆ ಹೋಲಿಸಿದರೆ, ಸಾವಿನ ಅಪಾಯ 5.3 ಪಟ್ಟು ಇತ್ತು. ಹೃದಯವನ್ನು ಹಿಡಿತದಲ್ಲಿಡುವ ವೇಗಸ್ ನರದ ಪ್ರಭಾವ ಕುಂದಿ, ಅದನ್ನು ಉದ್ರೇಕಿಸುವ ನರಗಳದೇ ಮೇಲುಗೈಯಾಗುವುದು ಇದಕ್ಕೆ ಮುಖ್ಯ ವಿವರಣೆ. ಏರಿಳಿತ ಕಡಿಮೆಯಿದ್ದರೆ ಅಪಾಯ ಹೆಚ್ಚು ಎಂಬುದನ್ನು 1998ರ ಅಟ್ರಾಮಿ ಅಧ್ಯಯನ 1,284 ಮಂದಿಯಲ್ಲಿ ಇನ್ನಷ್ಟು ಗಟ್ಟಿಗೊಳಿಸಿತು.

ಅಪಾಯ ತಿಳಿದ ಮೇಲೆ ಸಾವನ್ನು ತಡೆಯಬಹುದಲ್ಲ? 2004ರ ಡೈನಮಿಟ್ ಪ್ರಯೋಗ ಇದನ್ನೇ ಕೇಳಿತು. ಹೃದಯದ ಪಂಪ್ ಶಕ್ತಿ ಕುಗ್ಗಿದ್ದು, ಜೊತೆಗೆ ಬಡಿತದ ಏರಿಳಿತ ಕಡಿಮೆಯಿದ್ದ ಅಥವಾ ಸರಾಸರಿ ಬಡಿತ ಹೆಚ್ಚಿದ್ದ 674 ಮಂದಿಯಲ್ಲಿ ಅರ್ಧದಷ್ಟು ಜನರಿಗೆ, ಆಘಾತವಾದ 40 ದಿನಗಳೊಳಗೇ, ಅಪಾಯಕಾರಿ ಲಯವನ್ನು ಶಾಕ್ ಕೊಟ್ಟು ಸರಿಪಡಿಸುವ ಐಸಿಡಿ ಅಳವಡಿಸಲಾಯಿತು. ಲಯ ತಪ್ಪಿ ಆಗುವ ಸಾವುಗಳು ಇಳಿದವು. ಆದರೆ ಬೇರೆ ಕಾರಣದ ಸಾವುಗಳು ಏರಿ, ಒಟ್ಟು ಸಂಖ್ಯೆ ಬದಲಾಗಲಿಲ್ಲ. ಈ ಅಳತೆಯ ಇತಿಹಾಸದಲ್ಲಿ ಅತ್ಯಂತ ಮುಖ್ಯವಾದ ಪಾಠ ಇದೇ: ಯಾರು ಅಪಾಯದಲ್ಲಿದ್ದಾರೆ ಎಂದು ಅದು ತೋರಿಸುತ್ತದೆ, ಯಾವ ದಾರಿಯಿಂದ ಅಪಾಯ ಬರುತ್ತದೆ ಎಂದು ತೋರಿಸುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಕ್ಸೇವಿಯರ್ ಮುಂತಾದವರು 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ದಾಖಲೆಯಲ್ಲಿ, ದೇಶದ 89 ಆಸ್ಪತ್ರೆಗಳ ಹೃದಯ ರೋಗಿಗಳಲ್ಲಿ ಶೇ. 30ರಷ್ಟು ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಸಕ್ಕರೆ ಕಾಯಿಲೆಯೇ ಹೃದಯದ ನರಗಳನ್ನು ಹಾಳುಗೆಡವಿ ಏರಿಳಿತವನ್ನು ಮೊದಲೇ ತಗ್ಗಿಸಿರಬಹುದು. ಆದ್ದರಿಂದ ಪೊನ್ಕುಳಿಯಂಥ ಕಾಡಂಚಿನ ಊರಿನಿಂದ ಬಂದ ರೋಗಿಯಾಗಲಿ, ಮೈಸೂರಿನವರಾಗಲಿ, ಹೋಲ್ಟರ್ ವರದಿಯಲ್ಲಿ ಏರಿಳಿತ 50 ಮಿಲಿಸೆಕೆಂಡಿಗಿಂತ ಕಡಿಮೆ ಕಂಡಾಗ ವೈದ್ಯರು ಮೊದಲು ಕೇಳಬೇಕಾದದ್ದು ಅವರಿಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂದು.