ಐನ್ಯೂಸ್ ಎಂಬ ಸಾಧನವೂ ಯೂಸ್‌ನೆಟ್ ಲೇಖನಗಳ ಪಾಠವಿಚಾರವೂ

ಓಲೆಯ ಗ್ರಂಥಗಳನ್ನು ಪರಿಶೋಧಿಸುವವರು ಕವಿಯ ಮಾತಾವುದು, ಲಿಪಿಕಾರನ ಮಾತಾವುದು ಎಂಬುದನ್ನು ಮೊದಲು ಬೇರ್ಪಡಿಸುವರು. ಗಣಕಯಂತ್ರಗಳ ನಡುವೆ ಸಂಚರಿಸಿದ ಯೂಸ್‌ನೆಟ್ ಸುದ್ದಿಗುಂಪುಗಳ ಲೇಖನಗಳಲ್ಲಿ ಇಂಥ ವಿವೇಚನೆಗೆ ಎಡೆಯಿಲ್ಲವೆಂದು ಸಾಮಾನ್ಯವಾದ ಭಾವನೆಯುಂಟು. ಯಂತ್ರವು ಇದ್ದುದನ್ನು ಇದ್ದಂತೆಯೇ ಒಯ್ಯುವುದಷ್ಟೆ ಎಂಬುದು ಅದಕ್ಕೆ ಹೇಳುವ ಹೇತು. ಆ ಹೇತು ನಿಲ್ಲತಕ್ಕದ್ದಲ್ಲ. ಲೇಖನಗಳನ್ನು ಕಳುಹಿಸಲು ಬಳಕೆಯಲ್ಲಿದ್ದ ಐನ್ಯೂಸ್ ಎಂಬ ಚಿಕ್ಕ ಸಾಧನದ ಚರಿತ್ರೆಯನ್ನು ನೋಡಿದರೆ, ಆ ವಾಹಕನು ಲಿಪಿಕಾರನ ಕೆಲಸವನ್ನೂ ದ್ವಾರಪಾಲಕನ ಕೆಲಸವನ್ನೂ ಮಾಡುತ್ತಿದ್ದನೆಂಬುದು ಸ್ಪಷ್ಟವಾಗುತ್ತದೆ.

ಯೂಸ್‌ನೆಟ್ಟಿನ ಮೂಲವು ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿದೆ. ೧೯೭೯ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬವರು ಇದನ್ನು ಯೋಚಿಸಿದರು. ಸಮೀಪದ ಚ್ಯಾಪೆಲ್ ಹಿಲ್ಲಿನ ಸ್ಟೀವ್ ಬೆಲ್ಲೊವಿನ್ ಇದರ ಪ್ರಥಮ ರೂಪವನ್ನು ಯೂನಿಕ್ಸ್ ಆಜ್ಞೆಗಳ ಸರಣಿಯಾಗಿ ರಚಿಸಿದನು. ಅದನ್ನು ಸ್ಟೀವನ್ ಡೇನಿಯಲ್ ಎಂಬಾತನು ಸಿ ಭಾಷೆಗೆ ತಂದನು. ಇದೇ 'ಎ ನ್ಯೂಸ್'. ಅನಂತರ ಬರ್ಕ್ಲಿಯಲ್ಲಿ ಮಾರ್ಕ್ ಹಾರ್ಟನ್ನನೂ, ಆಗ ಇನ್ನೂ ಪ್ರೌಢಶಾಲೆಯಲ್ಲಿ ಓದುತ್ತಿದ್ದ ಮ್ಯಾಟ್ ಗ್ಲಿಕ್‌ಮನ್ನನೂ 'ಬಿ ನ್ಯೂಸ್' ಎಂಬುದನ್ನು ನಿರ್ಮಿಸಿದರು. ಲೇಖನವನ್ನು ಸುದ್ದಿಯ ಭಂಡಾರದೊಳಕ್ಕೆ ಸೇರಿಸುವ ಐನ್ಯೂಸ್ ಆಜ್ಞೆಯು ಇದರ ಅಂಗವಾಗಿತ್ತು. ಆ ಕಾಲದಲ್ಲಿ ಲೇಖನವು ಮೊದಲು ಬರೆದವನ ಯಂತ್ರದಲ್ಲಿಯೇ ನೆಲಸುತ್ತಿತ್ತು. ಅಲ್ಲಿಂದ ಯೂಯೂಸಿಪಿ ಎಂಬ ವ್ಯವಸ್ಥೆಯ ಮೂಲಕ, ಬಹುಮಟ್ಟಿಗೆ ದೂರವಾಣಿಯ ತಂತಿಗಳ ಮೇಲೆ, ಯಂತ್ರದಿಂದ ಯಂತ್ರಕ್ಕೆ ದಾಟುತ್ತಿತ್ತು. ದಾಟಿದ ಪ್ರತಿಯೊಂದು ಯಂತ್ರವೂ 'ಪಾಥ್' ಎಂಬ ಪಂಕ್ತಿಯ ಮೊದಲಿಗೆ ತನ್ನ ಹೆಸರನ್ನು ಸೇರಿಸುವುದು. ಆದಕಾರಣ ಈ ಪರಂಪರೆಯನ್ನು ಬಲದಿಂದ ಎಡಕ್ಕೆ ಓದತಕ್ಕದ್ದು.

೧೯೮೬ರ ಫೆಬ್ರವರಿಯಲ್ಲಿ ಬ್ರಯನ್ ಕ್ಯಾಂಟರ್, ಫಿಲ್ ಲ್ಯಾಪ್ಸ್ಲಿ ಎಂಬವರು ಎನ್‌ಎನ್‌ಟಿಪಿ ಎಂಬ ನಿಯಮಾವಳಿಯನ್ನು ಆರ್‌ಎಫ್‌ಸಿ ೯೭೭ ಎಂಬ ಪತ್ರದಲ್ಲಿ ಪ್ರಕಟಿಸಿದ ಮೇಲೆ ಸ್ಥಿತಿಯು ಬದಲಾಯಿತು. ಬರೆಯುವವನ ಯಂತ್ರದಲ್ಲಿ ಭಂಡಾರವೇ ಇರಬೇಕಾದುದಿಲ್ಲ. ದೂರದ ಸರ್ವರಿನಲ್ಲಿದ್ದರೆ ಸಾಕು. ಲೇಖನವನ್ನು ಅಲ್ಲಿಗೆ ಮುಟ್ಟಿಸುವ ಹೊಸ ಐನ್ಯೂಸ್ ರೂಪಗಳು ಆಗ ಬಳಕೆಗೆ ಬಂದುವು. ಇವುಗಳ ಸಂಭಾಷಣೆಯು ಬಲು ಸಂಕ್ಷಿಪ್ತವಾದುದು. ಸಾಧನವು ೧೧೯ನೆಯ ದ್ವಾರದಲ್ಲಿ 'ಪೋಸ್ಟ್' ಎನ್ನುವುದು. ಸರ್ವರು ಒಪ್ಪಿದರೆ ೩೪೦ ಎಂದೂ ಒಪ್ಪದಿದ್ದರೆ ೪೪೦ ಎಂದೂ ಉತ್ತರಿಸುವುದು. ಲೇಖನವನ್ನೆಲ್ಲ ಕಳುಹಿಸಿ ಕಡೆಗೆ ಒಂದೇ ಬಿಂದುವುಳ್ಳ ಪಂಕ್ತಿಯನ್ನಿಟ್ಟರೆ ಮುಗಿಯಿತು. ಸ್ವೀಕಾರವಾದರೆ ೨೪೦, ಇಲ್ಲವಾದರೆ ೪೪೧. ಲೇಖನದ ಯಾವುದಾದರೂ ಪಂಕ್ತಿಯು ತಾನೇ ಬಿಂದುವಿನಿಂದ ಆರಂಭವಾದರೆ ಸಾಧನವು ಇನ್ನೊಂದು ಬಿಂದುವನ್ನು ಮುಂದೆ ಸೇರಿಸುವುದು, ಸರ್ವರು ಅದನ್ನು ತೆಗೆದುಹಾಕುವುದು. ಈ ಪ್ರಕ್ಷೇಪವು ಬಂದಂತೆಯೇ ಹೋಗುವುದರಿಂದ ಪಾಠಕ್ಕೆ ಬಾಧಕವಿಲ್ಲ.

ಬಾಧಕವಾದುವು ಬೇರೆ ಇವೆ. ಲೇಖಕನು 'ಆರ್ಗನೈಸೇಷನ್' ಎಂಬ ಶಿರೋಪಂಕ್ತಿಯನ್ನು ಬರೆಯದಿದ್ದರೆ, ಯಂತ್ರದ ಅಧಿಕಾರಿಯು ಮೊದಲೇ ಬರೆದಿಟ್ಟುದನ್ನು ಸಾಧನವು ತಾನಾಗಿ ತುಂಬುವುದುಂಟು. ಇದನ್ನು ನೋಡಿ ಲೇಖಕನು ತನ್ನನ್ನು ಇಂಥ ಸಂಸ್ಥೆಯವನೆಂದು ಹೇಳಿಕೊಂಡನೆಂದು ಬರೆಯುವುದು ದುಡುಕು. 'ಸಿಗ್ನೇಚರ್' ಎಂಬ ಕಡೆಯ ಅಂಕಿತವೂ ಹಾಗೆಯೇ: ಪ್ರತ್ಯೇಕ ಕಡತದಿಂದ ತಂದು ಅಂಟಿಸುವುದು, ಐಎನ್‌ಎನ್ ಎಂಬ ವ್ಯವಸ್ಥೆಯ ಐನ್ಯೂಸು ನಾಲ್ಕು ಪಂಕ್ತಿಗಳಿಗೆ ಮೀರಿದ ಅಂಕಿತವನ್ನು ಒಪ್ಪದು. ವಿಷಾದದ ಲೇಖನವೊಂದರ ಕೊನೆಯಲ್ಲಿ ಹಾಸ್ಯದ ಮಾತು ಕಂಡರೆ ಅದನ್ನು ಲೇಖಕನ ಆ ಹೊತ್ತಿನ ಮನೋಧರ್ಮವೆಂದು ಗ್ರಹಿಸಬಾರದು.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಉದ್ಧೃತ ಪಂಕ್ತಿಗಳ ನಿಯಮ. ಪೂರ್ವಲೇಖನದಿಂದ ಎತ್ತಿಕೊಂಡ ಪಂಕ್ತಿಗಳು ಹೊಸದಾಗಿ ಬರೆದುವುಗಳಿಗಿಂತ ಹೆಚ್ಚಾದರೆ ಐನ್ಯೂಸಿನ ಕೆಲವು ರೂಪಗಳು ಲೇಖನವನ್ನು ತಿರಸ್ಕರಿಸುತ್ತಿದ್ದುವು. ಉದ್ದೇಶವು ಸಾಧುವೇ, ಪಿಷ್ಟಪೇಷಣವನ್ನು ತಡೆಯುವುದು. ಆದರೆ ಎಣಿಸಬಲ್ಲ ಯಂತ್ರವು ಅರ್ಥವನ್ನರಿಯದು. ಲೇಖಕರು ಉದ್ಧರಣೆಯ ಚಿಹ್ನೆಯನ್ನು ಬದಲಿಸಿದರು. ಇಲ್ಲವೆ ಕೊನೆಯಲ್ಲಿ ನಿರರ್ಥಕವಾದ ಪಂಕ್ತಿಗಳನ್ನು ತುಂಬಿ, ಅದು 'ಐನ್ಯೂಸಿಗೆ ಮೇವು' ಎಂದು ಬಹಿರಂಗವಾಗಿಯೇ ಹೆಸರಿಟ್ಟರು. ಬಿ ನ್ಯೂಸಿನ ಕೆಲವು ಹಳೆಯ ಆವೃತ್ತಿಗಳಲ್ಲಿದ್ದ ದೋಷವೊಂದರಿಂದ, ಖಾಲಿ ಸ್ಥಳದಿಂದ ಆರಂಭವಾದ ಲೇಖನದ ಮೊದಲ ಭಾಗವು ಲುಪ್ತವಾಗುತ್ತಿತ್ತು. ಜನರು ಅದಕ್ಕೆ 'ಪಂಕ್ತಿಭಕ್ಷಕ' ಎಂಬರ್ಥದ ಹೆಸರನ್ನು ಕೊಟ್ಟು, ಆರಂಭದಲ್ಲಿ ಒಂದು ಪಂಕ್ತಿಯನ್ನು ಬಲಿಯಾಗಿ ಇಡತೊಡಗಿದರು. ದೋಷವು ಪರಿಹಾರವಾದ ಮೇಲೆಯೂ ಬಲಿಯು ಕೆಲವು ಕಾಲ ನಡೆಯಿತು. ಆಚಾರವು ಕಾರಣಕ್ಕಿಂತ ದೀರ್ಘಾಯುವೆಂಬುದಕ್ಕೆ ಶ್ರೌತಸೂತ್ರಗಳವರೆಗೆ ಹೋಗಬೇಕಾಗಿಲ್ಲ.

ಇದು ಕೇವಲ ಕುತೂಹಲದ ವಿಷಯವಲ್ಲ. ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಹೆನ್ರಿ ಸ್ಪೆನ್ಸರ್ ೧೯೮೧ರಿಂದ ೧೯೯೧ರವರೆಗೆ ಕಾಂತಸುರುಳಿಗಳಲ್ಲಿ ಉಳಿಸಿದ ಲೇಖನರಾಶಿಯು ಆ ದಶಕದ ಚರಿತ್ರೆಗೆ ಮುಖ್ಯವಾದ ಆಕರ. ಡ್ಯೂಕ್ ತನ್ನ ಯೂಸ್‌ನೆಟ್ ಸರ್ವರನ್ನು ೨೦೧೦ರ ಮೇ ತಿಂಗಳಲ್ಲಿ ನಿಲ್ಲಿಸಿತು. ಗೂಗಲ್ ಗ್ರೂಪ್ಸ್ ೨೦೨೪ರ ಫೆಬ್ರವರಿಯಿಂದ ಹೊಸ ಲೇಖನಗಳನ್ನು ಸ್ವೀಕರಿಸುವುದನ್ನು ಬಿಟ್ಟಿತು. ಬರೆದವರು ವಿರಳರಾಗುತ್ತ ಬಂದಂತೆ ಪಠ್ಯವೊಂದೇ ಸಾಕ್ಷಿಯಾಗಿ ನಿಲ್ಲುವುದು. ಮೇವನ್ನೂ ಬಲಿಯನ್ನೂ ಲೇಖಕನ ಮಾತಾಗಿ ಎಣಿಸಿ ಪದಸಂಖ್ಯೆಯನ್ನು ಹಾಕಿದರೆ ಲೆಕ್ಕವೇ ಕೆಡುವುದು.

ಕನ್ನಡಕ್ಕೂ ಇದರಲ್ಲಿ ಭಾಗವುಂಟು. ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ಸುದ್ದಿಗುಂಪಿನಲ್ಲಿ ಕನ್ನಡಿಗರು ತಮ್ಮ ನುಡಿಯನ್ನು ರೋಮನ್ ಅಕ್ಷರಗಳಲ್ಲಿ ಬರೆದರು. ಹಳೆಯ ನಿಯಮಾವಳಿಯು ಆಸ್ಕಿ ಅಕ್ಷರಗಳನ್ನೇ ಅರಿತಿತ್ತು. ಯುಟಿಎಫ್-೮ಕ್ಕೆ ಎಡೆಯನ್ನಿತ್ತುದು ೨೦೦೬ರ ಆರ್‌ಎಫ್‌ಸಿ ೩೯೭೭. ಕೆಲವರು ಳಕಾರ ಣಕಾರಗಳಿಗೆ ದೊಡ್ಡ ಅಕ್ಷರವನ್ನು ಬಳಸಿದರೆ ಕೆಲವರು ಬಳಸಲಿಲ್ಲ. ಬಳಸದವರ ಬರಹದಲ್ಲಿ ಹಳ್ಳಿಯೂ ಹಲ್ಲಿಯೂ ಏಕರೂಪವಾಗಿವೆ. ಅಂಥಲ್ಲಿ ಪೂರ್ವಾಪರ ಸಂದರ್ಭದಿಂದ ಪಾಠವನ್ನು ನಿರ್ಣಯಿಸಬೇಕಲ್ಲದೆ, ಲೇಖಕನಿಗೆ ಲಕಾರ ಳಕಾರಗಳ ಭೇದವು ತಿಳಿಯದೆಂದು ದೋಷವನ್ನು ಹೊರಿಸತಕ್ಕದ್ದಲ್ಲ.