ಅಳಿಸದೆ ಮರೆಮಾಡುವುದು: ಗ್ರಾಫ್ ಲೈಬ್ರರಿಗಳ ಹಿನ್ನೋಟ

ಗಣಿತದ ಗ್ರಾಫ್ ಸಿದ್ಧಾಂತದಲ್ಲಿ ಗ್ರಾಫ್ ಎಂದರೆ ಏರಿಳಿತಗಳನ್ನು ತೋರಿಸುವ ನಕ್ಷೆಯಲ್ಲ. ನೋಡ್ ಎನಿಸಿಕೊಳ್ಳುವ ಕೆಲವು ಬಿಂದುಗಳು ಮತ್ತು ಅವುಗಳಲ್ಲಿ ಎರಡೆರಡನ್ನು ಬೆಸೆಯುವ ಎಡ್ಜ್ ಎಂಬ ಕೊಂಡಿಗಳು, ಇವಿಷ್ಟೇ ಅದರ ಸಾಮಗ್ರಿ. ಕೋನಿಗ್ಸ್‌ಬರ್ಗ್ ನಗರದ 7 ಸೇತುವೆಗಳನ್ನು ಕುರಿತು ಗಣಿತಜ್ಞ ಆಯ್ಲರ್ 1736ರಲ್ಲಿ ಮಾಡಿದ ವಿಚಾರದಿಂದ ಈ ಶಾಸ್ತ್ರ ಮೊದಲಾಯಿತೆಂದು ಹೇಳುವುದು ವಾಡಿಕೆ. ಅದಕ್ಕೊಂದು ಪಠ್ಯಗ್ರಂಥ ದೊರೆತದ್ದು ಮಾತ್ರ 200 ವರ್ಷಗಳ ಬಳಿಕ, ಹಂಗೆರಿಯ ಡೇನೆಶ್ ಕೋನಿಗ್ 1936ರಲ್ಲಿ ತಮ್ಮ ಕೃತಿಯನ್ನು ಪ್ರಕಟಿಸಿದಾಗ.

ಗ್ರಾಫನ್ನು ಸೋಸುವುದೆಂದರೆ ಗೊತ್ತುಪಡಿಸಿದ ಷರತ್ತಿಗೆ ಒಪ್ಪುವ ಬಿಂದುಗಳನ್ನೂ ಕೊಂಡಿಗಳನ್ನೂ ಮಾತ್ರ ಉಳಿಸಿಕೊಳ್ಳುವುದು. ಪಟ್ಟಿಯೊಂದರಿಂದ ಒಂದು ಸಾಲನ್ನು ತೆಗೆದರೆ ಉಳಿದ ಸಾಲುಗಳಿಗೆ ಯಾವ ಬಾಧೆಯೂ ಇಲ್ಲ, ಆದರೆ ಗ್ರಾಫಿನಿಂದ ಒಂದು ಬಿಂದುವನ್ನು ತೆಗೆದರೆ ಅದಕ್ಕೆ ಅಂಟಿಕೊಂಡ ಕೊಂಡಿಗಳೆಲ್ಲವೂ ಹೋಗಿ, ನೆರೆಯ ಬಿಂದುಗಳ ಸ್ಥಿತಿಯೇ ಬದಲಾಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯವೊಂದರ ಕರಾಟೆ ಸಂಘವನ್ನು 1970ರಿಂದ 1972ರವರೆಗೆ ಗಮನಿಸಿ ಮಾನವಶಾಸ್ತ್ರಜ್ಞ ವೇನ್ ಜ಼ಕಾರಿ 1977ರಲ್ಲಿ ಪ್ರಕಟಿಸಿದ ಜಾಲ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ 34 ಸದಸ್ಯರು, ಅವರ ನಡುವೆ 78 ಸ್ನೇಹದ ಕೊಂಡಿಗಳು. ಶಿಕ್ಷಕನಿಗೂ ಅಧ್ಯಕ್ಷನಿಗೂ ಜಗಳ ಹುಟ್ಟಿ ಸಂಘ ಒಡೆದಾಗ ಯಾರು ಯಾರ ಕಡೆ ಸೇರುವರೆಂಬುದನ್ನು ಕೊಂಡಿಗಳನ್ನು ನೋಡಿಯೇ, ಒಬ್ಬನನ್ನುಳಿದು, ಸರಿಯಾಗಿ ಗುರುತಿಸಲು ಸಾಧ್ಯವಾಯಿತು. ಶಿಕ್ಷಕನಿಗೆ 16 ಕೊಂಡಿಗಳು, ಅಧ್ಯಕ್ಷನಿಗೆ 17. ಇಬ್ಬರ ನಡುವೆ ನೇರ ಕೊಂಡಿಯೇ ಇಲ್ಲ. ಆದ್ದರಿಂದ ಇವರಿಬ್ಬರನ್ನು ಸೋಸಿ ತೆಗೆದರೆ 32 ಬಿಂದುಗಳೂ 45 ಕೊಂಡಿಗಳೂ ಉಳಿಯುತ್ತವೆ. ಶಿಕ್ಷಕನೊಬ್ಬನನ್ನೇ ನೆಚ್ಚಿದ್ದ 12ನೆಯ ಸದಸ್ಯ ಒಂಟಿಯಾಗುತ್ತಾನೆ, ಐವರ ಗುಂಪೊಂದು ಬೇರ್ಪಡುತ್ತದೆ, ಉಳಿದ 26 ಮಂದಿ ಮಾತ್ರ ಒಬ್ಬರಿಂದೊಬ್ಬರಿಗೆ ದಾರಿಯುಳ್ಳವರಾಗಿರುತ್ತಾರೆ. ಪುಟ್ಟ ಜಾಲವಾದರೂ ಇಂದಿಗೂ ಈ ಕ್ಷೇತ್ರದ ಕಲಿಕೆ ಬಹುಮಟ್ಟಿಗೆ ಇದರಿಂದಲೇ ಆರಂಭವಾಗುತ್ತದೆಂಬುದರಲ್ಲಿ ಆಶ್ಚರ್ಯವಿಲ್ಲ.

ಇಂಥ ಕೆಲಸಕ್ಕೆ ಪ್ರತಿಯೊಬ್ಬರೂ ಮೊದಲಿನಿಂದ ಪ್ರೋಗ್ರಾಂ ಬರೆಯುವ ಶ್ರಮವನ್ನು ತಪ್ಪಿಸಿದ್ದು ಲೈಬ್ರರಿಗಳು, ಅಂದರೆ ಬೇಕಾದವರು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳಬಹುದಾದ ಸಿದ್ಧ ಸಂಕೇತಗಳ ಸಂಗ್ರಹಗಳು. ಜರ್ಮನಿಯ ಸಾರ್‌ಬ್ರೂಕನ್‌ನಲ್ಲಿ ಕುರ್ಟ್ ಮೆಲ್‌ಹಾರ್ನ್ ಮತ್ತು ಸ್ಟೀಫನ್ ನೇಹರ್ 1988ರ ಸುಮಾರಿಗೆ ಕೈಹಾಕಿದ ಲೇಡಾ ಇವುಗಳಲ್ಲಿ ಮುಖ್ಯವಾದುದು. ಅದರಲ್ಲಿ ಕೊಂಡಿಯನ್ನು ಅಳಿಸದೆ ಬಚ್ಚಿಟ್ಟು, ಅನಂತರ ಮತ್ತೆ ಮರಳಿಸುವ ಆಜ್ಞೆಗಳಿದ್ದವು. ಮೂಲದ ಪೂರ್ಣ ಪ್ರತಿಯನ್ನು ತೆಗೆದು ಅದನ್ನು ಕತ್ತರಿಸುವುದಕ್ಕಿಂತ ಇದು ಮಿತವ್ಯಯದ ಮಾರ್ಗವಾದರೂ, ಬಚ್ಚಿಟ್ಟದ್ದನ್ನು ಮರಳಿಸಲು ಮರೆತರೆ ಮೂಲವೇ ವಿರೂಪವಾಗುವ ಅಪಾಯ ಉಳಿದೇ ಇತ್ತು.

ಆ ತೊಡಕನ್ನು ಬಗೆಹರಿಸಿದ ರೀತಿಗಳಲ್ಲಿ ಹೆಚ್ಚು ಸೊಗಸಾದದ್ದು ಸಿ++ ಭಾಷೆಯ ಬೂಸ್ಟ್ ಗ್ರಾಫ್ ಲೈಬ್ರರಿಯದು. ಜೆರೆಮಿ ಸೀಕ್, ಲೀ-ಕ್ವಾನ್ ಲೀ ಮತ್ತು ಆಂಡ್ರ್ಯೂ ಲಮ್ಸ್‌ಡೇನ್ ರೂಪಿಸಿ 2002ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದ ಈ ಲೈಬ್ರರಿಯಲ್ಲಿ, ಬಿಂದು ಅಥವಾ ಕೊಂಡಿ ಇರಬೇಕೇ ಬೇಡವೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸುವ ಪುಟ್ಟ ಫಂಕ್ಷನ್ನನ್ನು ಮೂಲ ಗ್ರಾಫಿನ ಮೇಲೆ ಜರಡಿಯಂತೆ ಹಿಡಿಯಲಾಗುತ್ತದೆ. ಮೂಲದ ಒಂದು ಕೊಂಡಿಯೂ ಅಲುಗುವುದಿಲ್ಲ. ನೋಡುವ ಪ್ರೋಗ್ರಾಮಿಗೆ ಮಾತ್ರ ಕೆಲವು ಕಾಣಿಸುವುದಿಲ್ಲ.

ಪೈಥಾನ್ ಭಾಷೆಯಲ್ಲಿ ಅದೇ ತತ್ತ್ವ ನೆಲೆಯೂರಲು ಕಾಲ ಹಿಡಿಯಿತು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಆರಿಕ್ ಹ್ಯಾಗ್‌ಬರ್ಗ್, ಪೀಟರ್ ಸ್ವಾರ್ಟ್ ಹಾಗೂ ಕೋಲ್ಗೇಟ್ ವಿಶ್ವವಿದ್ಯಾಲಯದ ಡ್ಯಾನ್ ಶುಲ್ಟ್ ಕಟ್ಟಿ, 2005ರಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ನೆಟ್‌ವರ್ಕ್‌ಎಕ್ಸ್ ಆರಂಭದಲ್ಲಿ ಉಪಜಾಲವನ್ನು ಕೇಳಿದಾಗ ಹೊಸದೊಂದು ಗ್ರಾಫನ್ನೇ ಕಟ್ಟಿಕೊಡುತ್ತಿತ್ತು, 2017ರ 2.0 ಆವೃತ್ತಿಯಿಂದ ಈಚೆಗೆ ಅದು ವ್ಯೂ, ಅಂದರೆ ಮೂಲದ ಮೇಲಿನ ಒಂದು ನೋಟವನ್ನು ಮಾತ್ರ ಕೊಡುತ್ತದೆ. ಉಳಿತಾಯಕ್ಕೆ ಬೆಲೆಯೂ ಇದೆ: ಜಾಲದಲ್ಲಿ ಸಂಚರಿಸುವಾಗಲೆಲ್ಲ ಷರತ್ತನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾಗುತ್ತದೆ, ನೋಟದ ಮೇಲೆ ನೋಟವನ್ನು ಹೇರುತ್ತಾ ಹೋದರೆ ವೇಗ ಕುಸಿಯುತ್ತದೆ. ಅಲ್ಲದೆ ನೋಟದೊಳಗೆ ಬಿಂದುಗಳನ್ನು ಸೇರಿಸುವಂತೆಯೂ ಇಲ್ಲ, ತೆಗೆಯುವಂತೆಯೂ ಇಲ್ಲ. ಹಾಗೆ ತಿದ್ದಬೇಕೆನ್ನುವವರು ಈಗಲೂ ಕಾಪಿ ಎಂಬ ಆಜ್ಞೆಯನ್ನು ಕೊಟ್ಟು, ಹಿಂದಿನವರಂತೆಯೇ ಪ್ರತಿ ತೆಗೆದುಕೊಳ್ಳಬೇಕು.