ಎಂಗವ: ಬಟ್ಟೆಯ ಅಂಚಿನಿಂದ ಮನೆಯ ಅಂಚಿಗೆ

ಕಡಲಿಗೆ ಮುಖಮಾಡಿದ ಹೊಸ ಮನೆಗಳ ನಕ್ಷೆಯಲ್ಲಿ ‘ಎಂಗವ’ ಎಂಬ ಜಪಾನಿ ಪದ ಈಗ ಧಾರಾಳವಾಗಿ ಕಾಣಿಸುತ್ತದೆ. ಒಂದು ಗಾಜಿನ ಗೋಡೆ, ಅದರ ಮುಂದೆ ಒಂದಿಷ್ಟು ಹಲಗೆ ಹಾಸಿದರೆ ಎಂಗವ ಆಯಿತೆಂದು ಹಲವರ ಎಣಿಕೆ. ಪದ ಅಷ್ಟು ಅಗ್ಗದ್ದಲ್ಲ.

‘ಗವ’ ಎಂದರೆ ಬದಿ, ಮಗ್ಗುಲು. ತಿರುಳಿರುವುದು ‘ಎನ್’ನಲ್ಲಿ. ಅದನ್ನು ಬರೆಯುವ ಚೀನೀ ಲಿಪಿಚಿಹ್ನೆಯ ಹಳೆಯ ಅರ್ಥ ಉಡುಪಿನ ಅಂಚುಪಟ್ಟಿ. ಚಿಹ್ನೆಯ ಎಡಭಾಗದಲ್ಲಿ ಇಂದಿಗೂ ನೂಲಿನ ಗುರುತಿದೆ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು, 5ನೇ ಶತಮಾನದ ಆರಂಭದ ಕುಮಾರಜೀವನೂ ಸೇರಿ, ಸಂಸ್ಕೃತದ ‘ಪ್ರತ್ಯಯ’ಕ್ಕೆ ಇದೇ ಚಿಹ್ನೆಯನ್ನು ಬಳಸಿದರು. ನಮಗೆ ಪ್ರತ್ಯಯವೆಂದರೆ ಶಾಲೆಯಲ್ಲಿ ಉರುಹೊಡೆದ ಉ, ಅನ್ನು, ಇಂದ. ಬೌದ್ಧರಿಗೆ ಅದು ಯಾವುದೇ ಸಂಗತಿ ಘಟಿಸಲು ಒದಗಿಬರುವ ನೆರವಿನ ಕಾರಣ. ಹೀಗೆ ‘ಅಂಚಿ’ನ ಜೊತೆಗೇ ನಂಟು, ಋಣಾನುಬಂಧ ಎಂಬ ಅರ್ಥಗಳೂ ಬೆಳೆದವು. ಇಜುಮೊ ದೇಗುಲಕ್ಕೆ ಹೋಗಿ ಕಂಕಣಭಾಗ್ಯ ಬೇಡುವ ಜಪಾನೀಯರು ಕೇಳಿಕೊಳ್ಳುವುದೂ ಒಳ್ಳೆಯ ‘ಎನ್’ ಕೂಡಿಬರಲೆಂದೇ.

ಮನೆಯ ಮಟ್ಟಿಗೆ ಪದ ಅಂಚಿನ ಅರ್ಥವನ್ನೇ ಹಿಡಿಯಿತು. ಶೋಜಿ ಎಂಬ ಕಾಗದದ ಬಾಗಿಲಿನಾಚೆ, ಸೂರಿನ ಕೆಳಗೆ, ನೆಲದಿಂದ ಎತ್ತರಿಸಿ ಹಾಸಿದ ಹಲಗೆಗಳ ಸಾಲೇ ಎಂಗವ. ಅಮಾದೊ ಎಂಬ ಮಳೆಗದದ ಹೊರಗುಳಿದು ನೆನೆಯುವಂಥದು ‘ನುರೆ-ಎನ್’, ಅಂದರೆ ಒದ್ದೆ ಎನ್. ನೆರೆಯವರು ಬಂದರೆ ಪಾದರಕ್ಷೆ ಕಳಚುವ ಗೋಜಿಲ್ಲದೆ ಅಲ್ಲೇ ಕಾಲು ಇಳಿಬಿಟ್ಟು ಕೂತು ಚಹಾ ಕುಡಿದು ಹೋಗಬಹುದು. ತೆರೆಮರೆಯಲ್ಲಿ ದುಡಿಯುವವನಿಗೆ ಜಪಾನೀಯರು ‘ಎನ್ ಕೆಳಗಿನ ಬಲಶಾಲಿ’ ಎನ್ನುತ್ತಾರೆ. ಸುಶಿ ಅಂಗಡಿಯಲ್ಲಿ ಎಂಗವ ಕೇಳಿದರಂತೂ ತಟ್ಟೆಗೆ ಬರುವುದು ನಮ್ಮ ಕರಾವಳಿಯ ನಂಗಿನ ಬಳಗದ ಚಪ್ಪಟೆ ಮೀನಿನ ರೆಕ್ಕೆಯಂಚಿನ ಮಾಂಸ!

ಪದವನ್ನು ನಕಲು ಮಾಡದೆ ಅದರ ಗುಣವನ್ನು ಹಿಡಿದವನು ಜರ್ಮನ್ ವಾಸ್ತುಶಿಲ್ಪಿ ಬ್ರೂನೊ ಟೌಟ್ ಎಂದು ನನಗನಿಸುತ್ತದೆ. 1933ರಲ್ಲಿ ಜಪಾನಿಗೆ ಬಂದು ಕ್ಯೋಟೊದ ಕತ್ಸುರ ಅರಮನೆಗೆ ಮಾರುಹೋದವನಾತ. ಅತಾಮಿಯಲ್ಲಿ ಕಡಲಿಗೆ ಮುಖಮಾಡಿದ ಇಳಿಜಾರಿನಲ್ಲಿರುವ ಹ್ಯೂಗ ಬಂಗಲೆಗೆ ಅವನು ರೂಪಿಸಿದ ಕೋಣೆಗಳು 1936ರಲ್ಲಿ ಮುಗಿದವು. ಅಲ್ಲಿ ಕೋಣೆಯೊಳಗೇ ಅಗಲ ಮೆಟ್ಟಿಲುಗಳಿವೆ. ಕೂತರೆ ಎದುರಿಗೆ ಸಗಾಮಿ ಕೊಲ್ಲಿ.

ಉಪ್ಪುಗಾಳಿ, ಓರೆಮಳೆಯ ಊರಿನಲ್ಲಿ ಮನೆ ಕಟ್ಟುವವರು ಮೊದಲು ಸೂರನ್ನು ಉದ್ದ ಬಿಡಬೇಕು, ಹಲಗೆಗಳ ನಡುವೆ ನೀರಿಳಿಯಲು ಸಂದು ಬಿಡಬೇಕು, ಎಳೆದು ಮುಚ್ಚುವ ಕದ ಇಡಬೇಕು. ಸೂರೇ ಇಲ್ಲದ ಹಲಗೆಹಾಸನ್ನು ಡೆಕ್ ಎಂದೇ ಕರೆಯಿರಿ.